ಭತ್ತದ ಗಿಡವನ್ನೂ ಪತಂಗವನ್ನೂ ಹೋಲಿಸುವುದು ಹೇಗೆ?

ನಾಪೋಕ್ಲು ಗದ್ದೆ:
ಮಗಳಿಗೆ ಶಾಲೆಯಲ್ಲಿ ಒಂದು ಜಾತಿಯ ಹುಲ್ಲು, ಒಂದು ಜಾತಿಯ ಪತಂಗ ಹೋಲಿಸಿ ಬರೆಯಲು ಹೇಳಿದ್ದಾರೆ. ಭತ್ತವೂ ಹುಲ್ಲೇ ಅಲ್ವಾ, ಅದನ್ನೇ ತಗೋ ಎಂದೆ. ಪತಂಗ ಅಂದರೆ ನನಗೆ ನೆನಪಾಗಿದ್ದು ಕಾಂಡ ಕೊರೆಯುವ ಹುಳು. ಕಳೆದ ಸಲ ಪುತ್ತರಿ ಸುಗ್ಗಿ ಹಬ್ಬಕ್ಕೆ ಮುಂಚೆ ನಮ್ಮ ಇಂಟಾನ್ ತಳಿಯ ಭತ್ತದ ಗದ್ದೆಯಲ್ಲಿ ಅಲ್ಲಲ್ಲಿ ತೆನೆ ಬೆಳ್ಳಗೆ, ನೆಟ್ಟಗೆ ನಿಂತಿತ್ತು. ಕಾಳು ತುಂಬಿದ್ದರೆ ಬಾಗಬೇಕಿತ್ತು. ಎಳೆದರೆ ಸಲೀಸಾಗಿ ಕೈಗೆ ಬಂತು, ಪೂರ್ತಿ ಜೊಳ್ಳು. ಬುಡದ ಹತ್ತಿರ ದಂಟು ಸೀಳಿದೆ. ಒಳಗೆ ಹಿಕ್ಕೆಯ ಪುಡಿ, ಅದರ ಮಧ್ಯೆ ನಸುಹಳದಿ ಹುಳು. ಹೊಟ್ಟೆ ಉರಿಯಿತು. ಆದರೆ ಒಂದು ಗಿಡ, ಇನ್ನೊಂದು ಕೀಟ. ಯಾವ ವಿಷಯದಲ್ಲಿ ಹೋಲಿಸಿ ಬರೆಸಲಿ?

ಅಮ್ಮತ್ತಿ ಕಡೆಯವಳು:
ಅಣ್ಣ, ಆಯಸ್ಸಿನಿಂದ ಶುರು ಮಾಡಿಸಿ. ಭತ್ತ ತಿಂಗಳುಗಟ್ಟಲೆ ನಿಂತು ಬಿಸಿಲಿನಿಂದ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ. ರೆಕ್ಕೆ ಬಂದ ಪತಂಗ ಏನೂ ತಿನ್ನುವುದಿಲ್ಲ, ಕೆಲವೇ ದಿನ ಬದುಕುತ್ತದೆ. ಹಾರುವುದಕ್ಕೂ ಮೊಟ್ಟೆ ಇಡುವುದಕ್ಕೂ ಬೇಕಾದ ಶಕ್ತಿಯೆಲ್ಲ ಹುಳುವಾಗಿದ್ದಾಗ ನಿಮ್ಮ ದಂಟಿನೊಳಗೆ ತಿಂದದ್ದೇ. ಹೆಣ್ಣು ಪತಂಗದ ಬಣ್ಣ ಒಣಹುಲ್ಲಿನ ಹಳದಿ, ಮುಂದಿನ ಎರಡು ರೆಕ್ಕೆಗೂ ಒಂದೊಂದು ಕಪ್ಪು ಚುಕ್ಕೆ. ರಾತ್ರಿ ದೀಪಕ್ಕೆ ಬರುತ್ತದೆ, ಮಗಳಿಗೆ ತೋರಿಸಿ.

ಹಳೇ ಬೇಸಾಯಗಾರ:
ಗಿಡ ಸುಮ್ನೆ ನಿಂತಿರುತ್ತದೆ ಅಂತ ಬರೆಸಬೇಡಿ. ನಾಟಿಯಾದ ಹೊಸದರಲ್ಲಿ ಹುಳು ಸುಳಿ ಕೊಂದರೂ ಭತ್ತ ಬೇರೆ ತೆಂಡೆ, ಅಂದರೆ ಬುಡದಿಂದ ಮರಿದಂಟು, ಒಡೆಯುತ್ತದೆ. ತೆನೆ ಹೊರಡುವ ಹೊತ್ತಿಗೆ ಕೊರೆದರೆ ಮಾತ್ರ ಅದಕ್ಕೆ ಸಮಯವೇ ಇರುವುದಿಲ್ಲ. ನೀವು ನೋಡಿದ ಬಿಳಿ ತೆನೆ ಅದೇ. ಹುಲ್ಲಿನ ಜಾತಿ ಮಣ್ಣಿನಿಂದ ಸಿಲಿಕಾ ಎಳೆದುಕೊಂಡು ದಂಟು, ಗರಿಯಲ್ಲಿ ಇಟ್ಟುಕೊಳ್ಳುತ್ತದೆ. ಮರಳಿನಲ್ಲಿರುವುದೂ ಅದೇ. ಅಗಿಯುವ ಹುಳುವಿನ ಹಲ್ಲು ಅದರಿಂದ ಸವೆಯುತ್ತದೆ. ಯೂರಿಯಾ ಜಾಸ್ತಿ ಸುರಿದರೆ ಗಿಡ ಮೆತ್ತಗಾಗಿ ಹುಳುವಿಗೆ ಅನುಕೂಲ. ಇದು ನಾನು ನಮ್ಮ ಗದ್ದೆಯಲ್ಲೇ ನೋಡಿ ಕಲಿತದ್ದು.

ಅಮ್ಮತ್ತಿ ಕಡೆಯವಳು:
ಬೀಜ ಮತ್ತು ಮೊಟ್ಟೆಯನ್ನೂ ಸೇರಿಸಿ. ಭತ್ತದ ಕಾಳಿಗೆ ಹೊಟ್ಟಿನ ಹೊದಿಕೆ. ಪತಂಗ ಗರಿಯ ತುದಿ ಹತ್ತಿರ ಮೊಟ್ಟೆಗಳನ್ನು ಗುಂಪಾಗಿ ಇಟ್ಟು, ತನ್ನ ಮೈಯ ಕಂದು ರೋಮ ಮುಚ್ಚುತ್ತದೆ. ಅದಕ್ಕೇ ನಾಟಿಗೆ ಮುಂಚೆ ಸಸಿಯ ತುದಿ ಕತ್ತರಿಸುವುದು.

ನಾಪೋಕ್ಲು ಗದ್ದೆ:
ನಮ್ಮ ಅಜ್ಜಿ ಸಸಿ ಕಟ್ಟಿನ ತುದಿ ಕುಡುಗೋಲಲ್ಲಿ ಸವರುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ಮಗಳು ಈಗ ಆ ರೋಮದ ಹೊದಿಕೆಯ ಚಿತ್ರ ಬಿಡಿಸುತ್ತಿದ್ದಾಳೆ. ಕೊಯ್ಲಾದ ಮೇಲೆ ಕೂಳೆಯಲ್ಲೂ ಹುಳು ಉಳಿಯುತ್ತದಾ?

ಹಳೇ ಬೇಸಾಯಗಾರ:
ಉಳಿಯುತ್ತದೆ. ಬುಡ ಬಿಟ್ಟು ಮೇಲೆ ಕೊಯ್ಯಬೇಡಿ. ಕೊಯ್ಲು ಮುಗಿದ ಕೂಡಲೇ, ಮಣ್ಣಿನಲ್ಲಿ ಪಸೆ ಇರುವಾಗಲೇ ಉಳುಮೆ ಮಾಡಿ ಕೂಳೆ ಮಗುಚಿ ಹಾಕಿ.