ಬರೆದದ್ದು ಒಂದು, ಗೆಳೆಯರಿಗೆ ಕಂಡದ್ದು ಇನ್ನೊಂದು: ಟ್ಯಾಬ್‌ನಲ್ಲಿ ಕೈಬರಹದ ಲೆಕ್ಕ ಕೆಡುತ್ತಿದೆ

ಲೆಕ್ಕದಹುಳು:

ಒಂದು ತಿಂಗಳಿಂದ ಟ್ಯಾಬ್ ಮೇಲೆ ಸ್ಟೈಲಸ್‌ನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಆಪ್ ಅದನ್ನು ಓದಿ ಅಚ್ಚಿನ ಅಕ್ಷರಕ್ಕೆ ತಿರುಗಿಸುತ್ತದೆ. ನಾನು ಅದನ್ನು ಓದಿನ ಗುಂಪಿಗೆ ಕಳಿಸುತ್ತೇನೆ. ಸಮೀಕರಣ ಟೈಪ್ ಮಾಡುವ ಕಾಟ ತಪ್ಪಿತು ಅಂದುಕೊಂಡಿದ್ದೆ. ಈಗ ಅದಕ್ಕಿಂತ ದೊಡ್ಡ ಕಾಟ ಶುರುವಾಗಿದೆ.

ವರ್ಗ ಸಮೀಕರಣದ ಸೂತ್ರ ಬರೆದರೆ ವರ್ಗಮೂಲದ ಒಳಗೆ ‘ಬಿ ವರ್ಗ’ ಮಾತ್ರ ಉಳಿಯುತ್ತದೆ. ‘ಮೈನಸ್ 4ಎಸಿ’ ಹೊರಗೆ ಬಂದು ಕೂರುತ್ತದೆ, ಅದರ ತಲೆ ಮೇಲೆ ಒಂದು ಅಡ್ಡಗೆರೆ ಬೇರೆ. ಆಗಾಗ ಎಕ್ಸ್ ಮೇಲೆ ನಾನು ಇಡದ ಚುಕ್ಕೆ ಮೂಡುತ್ತದೆ.

ಇವೆರಡನ್ನೂ ಹೇಗೋ ತಿದ್ದಿ ಕಳಿಸಿದರೆ ಆ ಕಡೆ ಭಿನ್ನರಾಶಿಯೇ ಮಾಯ. ನಾನು ಬರೆದದ್ದು ಮೇಲೆ ‘ಎಕ್ಸ್ ವರ್ಗ + 1’, ಕೆಳಗೆ ‘ಎಕ್ಸ್ - 1’. ಎಕ್ಸ್ ಬೆಲೆ 3 ಆದಾಗ ಉತ್ತರ 5 ಅಂತ ಬರೆದಿದ್ದೆ. ಗುಂಪಿನಲ್ಲಿ ಒಬ್ಬ 5 ಬರುವುದೇ ಇಲ್ಲ ಅಂತ ಅರ್ಧ ಗಂಟೆ ಜಗಳಕ್ಕೆ ಬಿದ್ದ.

ಆಪ್ ತೆಗೆದು ಮತ್ತೆ ಹಾಕಿದೆ. ಸ್ಟೈಲಸ್ ತುದಿ ಬದಲಿಸಿದೆ. ದುಂಡಗೆ, ನಿಧಾನವಾಗಿ ಬರೆದು ನೋಡಿದೆ. ಹಾಗೇ ಇದೆ.

ಪಾಟಿಬಳಪ:

ಸುಮ್ನೆ ಪೇಪರ್ ಮೇಲೆ ಬರೆದು ಫೋಟೋ ತೆಗೆದು ಕೊಡಿ. ಫೋಟೋದಿಂದ ಲೆಕ್ಕ ಓದುವ ಆಪ್‌ಗಳು ಈಗ ಚೆನ್ನಾಗಿಯೇ ಇವೆ. ಸ್ಟೈಲಸ್ ಗೊಡವೆ ಯಾಕೆ?

ಗೆರೆಗಾತಿ:

ಪೇಪರ್‌ನಲ್ಲಿ ಆಗಲೇ ಬರೆದಿಟ್ಟ ಲೆಕ್ಕವಾದರೆ ಫೋಟೋ ಸರಿ. ಟ್ಯಾಬ್ ಕೈಯಲ್ಲಿರುವವರಿಗೆ ಆ ದಾರಿ ಹೇಳಲಾರೆ. ಫೋಟೋದಲ್ಲಿ ಆಪ್‌ಗೆ ಸಿಗುವುದು ಶಾಯಿಯ ಕಲೆ ಮಾತ್ರ. ಪೇಪರ್‌ನ ನೆರಳು, ಮಡಿಕೆ, ಹಿಂದಿನ ಪುಟದ ಶಾಯಿ ಎಲ್ಲವನ್ನೂ ಅದು ಬೇರೆ ಮಾಡಬೇಕು. ಸ್ಟೈಲಸ್‌ನಲ್ಲಿ ಬರೆದರೆ ಪೆನ್ನು ಎಲ್ಲಿ ಮುಟ್ಟಿತು, ಯಾವ ಕಡೆ ಹೋಯಿತು, ಎಲ್ಲಿ ಎದ್ದಿತು, ಯಾವ ಗೆರೆ ಮೊದಲು, ಯಾವುದು ಆಮೇಲೆ ಎಲ್ಲವೂ ಬಿಂದು ಬಿಂದುವಾಗಿ ಸಿಗುತ್ತದೆ. ಕೈಗೆ ಬಂದ ಸುಳಿವನ್ನು ನಾವೇ ಬಿಸಾಕುವುದು ಯಾಕೆ?

ಲೆಕ್ಕದಹುಳು ಅವರೇ, ಮೂರು ವಿಷಯ ಹೇಳಿ. ವರ್ಗಮೂಲದ ಚಿಹ್ನೆಯನ್ನು ಯಾವಾಗ ಎಳೆಯುತ್ತೀರಿ, ಮೊದಲಾ ಕೊನೆಗಾ? ಬರೆಯುವಾಗ ಅಂಗೈ ಟ್ಯಾಬ್ ಮೇಲೆ ಊರುತ್ತೀರಾ? ಗುಂಪಿಗೆ ಕಳಿಸುವಾಗ ಯಾವ ಬಟನ್ ಒತ್ತುತ್ತೀರಿ?

ಲೆಕ್ಕದಹುಳು:

ಚಿಹ್ನೆ ಮೊದಲು. ಒಳಗೆ ಎಷ್ಟು ಉದ್ದ ಬರುತ್ತದೋ ಗೊತ್ತಿರಲ್ಲ, ಅದಕ್ಕೆ ಚಿಕ್ಕದಾಗಿ ಹಾಕಿರುತ್ತೇನೆ. ಬರೆದು ಮುಗಿದ ಮೇಲೆ ತಲೆಗೆರೆಯನ್ನು ಬಲಕ್ಕೆ ಎಳೆದು ಮುಂದುವರಿಸುತ್ತೇನೆ. ನೋಟ್‌ಬುಕ್‌ನಲ್ಲಿ ಎಲ್ಲರೂ ಹಾಗೇ ಮಾಡೋದು ಅಲ್ವಾ?

ಅಂಗೈ ಊರುತ್ತೇನೆ. ಇಲ್ಲದಿದ್ದರೆ ಕೈ ಸೋಲುತ್ತದೆ.

ಕಳಿಸುವಾಗ ಸಮೀಕರಣವನ್ನು ಒತ್ತಿ ಹಿಡಿದು ಕಾಪಿ, ಚಾಟ್‌ನಲ್ಲಿ ಪೇಸ್ಟ್. ಅಲ್ಲಿ ‘ಎಕ್ಸ್2+1/ಎಕ್ಸ್-1’ ಅಂತ ಬರುತ್ತದೆ. ನಮ್ಮದೊಂದು ಟಿಪ್ಪಣಿ ಪುಟವಿದೆ. ಅದಕ್ಕೆ ಮ್ಯಾಥ್‌ಎಂಎಲ್ (ವೆಬ್ ಪುಟದಲ್ಲಿ ಸಮೀಕರಣ ತೋರಿಸುವ ಗುರುತುಗಳ ಭಾಷೆ) ಅಂತ ಆರಿಸಿ ಹಾಕುತ್ತೇನೆ. ಪುಟ ನನಗೆ ಸರಿ ಕಾಣುತ್ತದೆ. ಒಬ್ಬಳಿಗೆ ಮಾತ್ರ ‘ಎಕ್ಸ್2+1ಎಕ್ಸ್-1’ ಅಂತ, ಓರೆಗೆರೆಯೂ ಇಲ್ಲದೆ ಅಂಟಿಕೊಂಡು ಕಾಣುತ್ತದಂತೆ.

ಗೆರೆಗಾತಿ:

ವರ್ಗಮೂಲದ ಕಳ್ಳ ಸಿಕ್ಕಿದ. ಆಮೇಲೆ ಎಳೆಯುವ ಆ ಬಾಲ.

ಗಣಿತದ ಕೈಬರಹದಲ್ಲಿ ಅತಿ ಕಷ್ಟದ ಗುರುತು ಸಿಗ್ಮಾನೂ ಅಲ್ಲ, ಇಂಟಿಗ್ರಲ್ಲೂ ಅಲ್ಲ. ಬರೀ ಅಡ್ಡಗೆರೆ. ಅದು ಮೈನಸ್ ಆಗಬಹುದು. ಭಿನ್ನರಾಶಿಯ ಗೆರೆ ಆಗಬಹುದು. ‘ಸಮ’ ಚಿಹ್ನೆಯ ಅರ್ಧ ಆಗಬಹುದು. ಸರಾಸರಿ ತೋರಿಸಲು ಅಕ್ಷರದ ತಲೆ ಮೇಲೆ ಎಳೆಯುವ ಗೆರೆ ಆಗಬಹುದು. ಗೆರೆಯನ್ನೇ ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ಅದರ ಮೇಲೇನಿದೆ, ಕೆಳಗೇನಿದೆ, ಪಕ್ಕದಲ್ಲೇನಿದೆ ನೋಡಿಯೇ ಹೇಳಬೇಕು. ನಿಮ್ಮ ಬಾಲದ ಕೆಳಗೆ ‘4ಎಸಿ’ ಇದೆ, ಮೇಲೆ ಏನೂ ಇಲ್ಲ. ಹಳೆಯ ಚಿಹ್ನೆಗೂ ಅದಕ್ಕೂ ನಡುವೆ ಒಂದು ಕೂದಲೆಳೆ ಬಿಟ್ಟಿದ್ದರೂ ಆಪ್ ಅದನ್ನು ಸರಾಸರಿ ತೋರಿಸುವ ಗೆರೆ ಅಂದುಕೊಳ್ಳುತ್ತದೆ. ಪಾಪ, ಅದರ ತಪ್ಪೇನಿಲ್ಲ.

ಒಳಗಿನದನ್ನು ಮೊದಲು ಬರೆಯಿರಿ. ಕೊನೆಯಲ್ಲಿ ವರ್ಗಮೂಲವನ್ನು ಪೆನ್ನು ಎತ್ತದೆ ಒಂದೇ ಎಳೆತಕ್ಕೆ ಪೂರ್ತಿ ಉದ್ದ ಎಳೆಯಿರಿ. ಕ್ರಮ ಹಿಂದುಮುಂದಾದರೆ ಹೆಚ್ಚಿನ ಆಪ್‌ಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ಚಿಹ್ನೆ ತುಂಡಾದರೆ ಎಡವುತ್ತವೆ. ಮೊದಲೇ ಹಾಕಿಬಿಟ್ಟಿದ್ದರೆ ಮುಂದುವರಿಸಬೇಡಿ, ಅಳಿಸಿ ಹೊಸದಾಗಿ ಎಳೆಯಿರಿ.

ಇದು ನಿನ್ನೆ ಮೊನ್ನೆಯ ತಲೆನೋವಲ್ಲ. 1968ರಲ್ಲೇ ರಾಬರ್ಟ್ ಆಂಡರ್ಸನ್ ತಮ್ಮ ಪಿಎಚ್‌ಡಿಯಲ್ಲಿ ಕೈಯಲ್ಲಿ ಬರೆದ ಗಣಿತವನ್ನು ಕಂಪ್ಯೂಟರ್‌ಗೆ ಓದಿಸಲು ಹೊರಟಿದ್ದರು. ಯಾವ ಚಿಹ್ನೆಯ ಮೇಲೆ ಏನು, ಕೆಳಗೆ ಏನು ಅನ್ನುವುದಕ್ಕೆ ವ್ಯಾಕರಣದಂತೆ ನಿಯಮ ಕಟ್ಟಿದ್ದರು. 2011ರಲ್ಲಿ ಇದಕ್ಕೆಂದೇ ಸಿಆರ್‌ಒಎಚ್‌ಎಂಇ ಅನ್ನುವ ಸ್ಪರ್ಧೆ ಶುರುವಾಯಿತು. ಅಲ್ಲಿನ ಒಂದು ಅಳತೆ ಬಹಳ ಕಠಿಣ: ಚಿಹ್ನೆಗಳೆಲ್ಲ ಸರಿಯಿದ್ದು ಒಂದೇ ಒಂದು ಘಾತ ಕೆಳಗಿಳಿದಿದ್ದರೂ ಇಡೀ ಸಮೀಕರಣ ತಪ್ಪು. ನನಗೆ ಅದು ಸರಿ ಅನಿಸುತ್ತದೆ. ಮುಕ್ಕಾಲು ಭಾಗ ಸರಿಯಿರುವ ಸೂತ್ರ ಯಾರಿಗೆ ಬೇಕು?

ಇನ್ನು ಚುಕ್ಕೆ. ಅಚ್ಚಿಗೆ ತಿರುಗಿಸುವ ಮುಂಚಿನ ನಿಮ್ಮ ಬರಹವನ್ನು ದೊಡ್ಡದು ಮಾಡಿ ನೋಡಿ. ಅಲ್ಲೇ ಚುಕ್ಕೆ ಇದ್ದರೆ ಅದು ಅಂಗೈಯ ಕೆಲಸ. ಸೆಟ್ಟಿಂಗ್‌ನಲ್ಲಿ ಬೆರಳಿನ ಸ್ಪರ್ಶ ಬಿಟ್ಟು ಪೆನ್ನಿನಿಂದ ಮಾತ್ರ ಬರೆಯುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಎಕ್ಸ್ ಮೇಲಿನ ಚುಕ್ಕೆಗೆ ನ್ಯೂಟನ್ ಕಾಲದಿಂದಲೂ ಅರ್ಥವಿದೆ, ಕಾಲದ ಜೊತೆ ಬದಲಾಗುವ ದರ ಅಂತ. ಹಾಗಾಗಿ ಆಪ್ ಅದನ್ನು ಕಸ ಅಂತ ತಾನಾಗಿ ಎಸೆಯುವುದಿಲ್ಲ.

ಕೊಂಡಿಕಟ್ಟು:

ಕಳಿಸುವ ವಿಷಯ ನಾನು ಹೇಳುತ್ತೇನೆ. ಇಲ್ಲಿ ಆಪ್ ಸರಿಯಾಗಿಯೇ ಓದಿದೆ, ಸಾಗಿಸುವಾಗ ಮುರಿದಿದೆ. ನಿಮ್ಮಲ್ಲಿ ಎರಡು ಬೇರೆ ಬೇರೆ ಮುರಿತಗಳಿವೆ. ಓರೆಗೆರೆಯೇ ಸುಳಿವು.

ಚಾಟ್‌ನಲ್ಲಿ ಓರೆಗೆರೆ ಬಂದಿದೆ. ಅಂದರೆ ಕಾಪಿ ಮಾಡಿದಾಗ ಆಪ್ ಸಮೀಕರಣವನ್ನು ಒಂದೇ ಸಾಲಿನ ಸಾದಾ ಪಠ್ಯ ಮಾಡಿದೆ. ಭಿನ್ನರಾಶಿಯನ್ನು ಓರೆಗೆರೆಗೆ ಬದಲಿಸಿತು, ಆದರೆ ಮೇಲಿನದಕ್ಕೂ ಕೆಳಗಿನದಕ್ಕೂ ಆವರಣ ಹಾಕಲಿಲ್ಲ. ಈಗ ಎಕ್ಸ್‌ಗೆ 3 ಹಾಕಿ. ನೀವು ಬರೆದದ್ದು 10 ಭಾಗಿಸು 2, ಅಂದರೆ 5. ನಿಮ್ಮ ಗೆಳೆಯನಿಗೆ ಕಂಡದ್ದು 9 + 1/3 - 1. ಅದು 8 ಮತ್ತು ಮೂರನೇ ಒಂದು. ಇಬ್ಬರೂ ಸರಿ!

ಪುಟದಲ್ಲಿ ಓರೆಗೆರೆಯೂ ಇಲ್ಲ. ಅದು ಬ್ರೌಸರ್‌ನ ಕಥೆ. ಮ್ಯಾಥ್‌ಎಂಎಲ್ ತಿಳಿಯದ ಬ್ರೌಸರ್ ಅದರ ಗುರುತುಗಳನ್ನು ಕಡೆಗಣಿಸಿ, ಒಳಗಿರುವ ಅಕ್ಷರಗಳನ್ನು ಮಾತ್ರ ಸಾಲಾಗಿ ತೋರಿಸುತ್ತದೆ. ಮ್ಯಾಥ್‌ಎಂಎಲ್ 1998ರಿಂದಲೇ ಇದೆ. ಆದರೆ ಕ್ರೋಮ್‌ನಲ್ಲಿ ಅದಕ್ಕೆ ಕಾಯಂ ಆಗಿ ಜಾಗ ಸಿಕ್ಕಿದ್ದು 2023ರ ಜನವರಿಯಲ್ಲಿ, 109ನೇ ಆವೃತ್ತಿಯಲ್ಲಿ. ಆ ಗೆಳತಿಯ ಬ್ರೌಸರ್ ಅದಕ್ಕಿಂತ ಹಳೆಯದಿರಬೇಕು. ಅಪ್‌ಡೇಟ್ ಮಾಡಲಿ. ಆಗದಿದ್ದರೆ ನಿಮ್ಮ ಪುಟಕ್ಕೆ ಮ್ಯಾಥ್‌ಜಾಕ್ಸ್ ಅನ್ನುವ ಪ್ರೋಗ್ರಾಂ ಸೇರಿಸಿ. ಹಳೆಯ ಬ್ರೌಸರ್‌ನಲ್ಲೂ ಅದು ಸಮೀಕರಣವನ್ನು ತಾನೇ ಬಿಡಿಸಿ ತೋರಿಸುತ್ತದೆ.

ಚಾಟ್‌ಗೆ ಚಿತ್ರವಾಗಿ ಕಳಿಸಿ, ಅದರ ಕೆಳಗೆ ಲೇಟೆಕ್ (ಸಮೀಕರಣವನ್ನು ಸಾದಾ ಅಕ್ಷರಗಳ ಆದೇಶವಾಗಿ ಟೈಪ್ ಮಾಡುವ ಪದ್ಧತಿ) ರೂಪವನ್ನೂ ಹಾಕಿ. ಚಿತ್ರ ಮಾತ್ರ ಕಳಿಸಿದರೆ ಯಾರಿಗೂ ತಿದ್ದಲು ಬರುವುದಿಲ್ಲ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಅದು ಖಾಲಿ ಜಾಗ. ಲೇಟೆಕ್‌ನಲ್ಲಿ ಮೇಲಿನದೂ ಕೆಳಗಿನದೂ ಪುಷ್ಪಾವರಣದ ಒಳಗೆ ಬೇರೆ ಬೇರೆ ಇರುತ್ತವೆ. ಪೇಸ್ಟ್ ಮಾಡಿದರೂ ಕಲಸಿಹೋಗುವುದಿಲ್ಲ.

ಪಾಟಿಬಳಪ:

ಸರಿ, ಫೋಟೋ ಮಾತು ವಾಪಸ್ ತೆಗೆದುಕೊಂಡೆ. ಇದೇ ಚರ್ಚೆಯಲ್ಲಿ ನನ್ನದೂ ಒಂದು ತೊಂದರೆ. ನನ್ನ 2 ಯಾವಾಗಲೂ ಝಡ್ ಆಗುತ್ತದೆ. ನಡುವೆ ಕನ್ನಡದಲ್ಲಿ ‘ಆದ್ದರಿಂದ’ ಅಂತ ಬರೆದರೆ ಆಪ್ ಅದಕ್ಕೂ ಏನೋ ಗ್ರೀಕ್ ಅಕ್ಷರ ಹಚ್ಚುತ್ತದೆ.

ಗೆರೆಗಾತಿ:

ಝಡ್ ನಡುವೆ ಒಂದು ಚಿಕ್ಕ ಗೆರೆ ಎಳೆಯುವ ಅಭ್ಯಾಸ ಮಾಡಿ, 2ರ ತಲೆ ದುಂಡಗಿರಲಿ. ಕನ್ನಡದ ಪದವನ್ನು ಗಣಿತದ ಚೌಕದ ಹೊರಗೆ, ಬೇರೆ ಪಠ್ಯದ ಜಾಗದಲ್ಲಿ ಬರೆಯಿರಿ. ಗಣಿತ ಓದುವ ಆಪ್ ಕಂಡದ್ದನ್ನೆಲ್ಲ ತನಗೆ ಗೊತ್ತಿರುವ ಚಿಹ್ನೆಗಳಲ್ಲೇ ಹುಡುಕುತ್ತದೆ. ಯಾವುದೋ ಒಂದು ಚಿಹ್ನೆಗೆ ಲೇಟೆಕ್‌ನಲ್ಲಿ ಏನು ಹೆಸರು ಅಂತ ಮರೆತರೆ ಡಿಟೆಕ್ಸಿಫೈ ಅನ್ನುವ ವೆಬ್‌ಸೈಟ್‌ನಲ್ಲಿ ಬರೆದು ನೋಡಿ. ಅದು ಒಂದು ಸಲಕ್ಕೆ ಒಂದೇ ಚಿಹ್ನೆ ಓದುತ್ತದೆ, ಆ ಕೆಲಸಕ್ಕೆ ಅಷ್ಟೇ ಸಾಕು.

ಲೆಕ್ಕದಹುಳು:

ಎರಡು ದಿನ ನೋಡಿ ಬರೆಯುತ್ತಿದ್ದೇನೆ. ವರ್ಗಮೂಲ ಕೊನೆಗೆ ಎಳೆದೆ, ಹನ್ನೆರಡು ಸಲದಲ್ಲಿ ಒಮ್ಮೆಯೂ ತಪ್ಪಲಿಲ್ಲ. ಕೈ ಮಾತ್ರ ಇನ್ನೂ ಹಳೆ ಚಾಳಿಗೆ ಮೊದಲು ಚಿಹ್ನೆ ಹಾಕಲು ಹೋಗುತ್ತದೆ. ಚುಕ್ಕೆ ಅಂಗೈಯದೇ, ಮೂಲ ಬರಹದಲ್ಲಿ ಕಂಡಿತು. ಪೆನ್ನು ಮಾತ್ರ ಆಯ್ಕೆ ಹಾಕಿದೆ, ಹೋಯಿತು. ಬ್ರೌಸರ್ ಅಪ್‌ಡೇಟ್ ಮಾಡಿದ ಮೇಲೆ ಗೆಳತಿಗೂ ಪುಟ ಸರಿ ಕಾಣುತ್ತಿದೆ.

ಜಗಳವಾಡಿದವನಿಗೆ ಚಿತ್ರ ಕಳಿಸಿ, ಅವತ್ತು ನಿನ್ನ ಉತ್ತರ ಎಷ್ಟಿತ್ತು ಅಂತ ಕೇಳಿದೆ. 8 ಮತ್ತು ಮೂರನೇ ಒಂದು ಅಂದ.