ಆರ್ಕೈವ್ ಡಾಟ್ ಆರ್ಗಲ್ಲಿ ಹಳೇ ಯಕ್ಷಗಾನ ಪ್ರಸಂಗ ಪುಸ್ತಕ ಹುಡುಕೋದು ಹೇಗೆ?

ಡೊಂಬಿವಲಿ_ಕುಂದಾಪ್ರ:
ಎಲ್ರಿಗೂ ನಮಸ್ಕಾರ. ನಮ್ಮಜ್ಜ ಕುಂದಾಪುರದ ಕಡೆ ಭಾಗವತರಾಗಿದ್ರು, ಅವ್ರ ಪ್ರಸಂಗ ಪುಸ್ತಕ ಎಲ್ಲಾ ಗೆದ್ದಲು ತಿಂದು ಹೋಯ್ತು, ಈಗ ಅಮ್ಮ ಇಲ್ಲಿ ನಮ್ ಜೊತೆ ಇದಾರೆ, ಆ ಹಳೇ ಮುದ್ರಣ ಒಂದ್ಸಲ ನೋಡ್ಬೇಕು ಅಂತಾರೆ. ದಿನಾ ಲೋಕಲ್ ಟ್ರೇನಲ್ಲಿ ಹೋಗ್ತಾ ಬರ್ತಾ ಆರ್ಕೈವ್ ಡಾಟ್ ಆರ್ಗ್ ಅನ್ನೋ ಆನ್‌ಲೈನ್ ಗ್ರಂಥಾಲಯದಲ್ಲಿ ಹುಡುಕ್ತಿದೀನಿ, ಯಕ್ಷಗಾನ ಅಂತ ಕನ್ನಡದಲ್ಲೇ ಟೈಪ್ ಮಾಡಿದ್ರೆ ಆಡಿಯೋ ವಿಡಿಯೋನೇ ಜಾಸ್ತಿ ಬರುತ್ತೆ. ಪುಸ್ತಕ ಮಾತ್ರ ಬರೋ ಹಾಗೆ ಮಾಡೋದು ಹೇಗೆ?

ಮಾಟುಂಗಾ_ಓದುಗ:
ಕನ್ನಡ ಲಿಪಿಲಿ ಸಿಗೋದು ಕಷ್ಟ ಮಾರಾಯ್ರೆ. ಅಲ್ಲಿರೋ ಹಳೇ ಕನ್ನಡ ಪುಸ್ತಕ ತುಂಬಾ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ಹಳೇ ಪುಸ್ತಕ ಸ್ಕ್ಯಾನ್ ಮಾಡಿದ ಯೋಜನೆಯಿಂದ ಬಂದಿದ್ದು, ಅದ್ರಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತೆ, ಸ್ಪೆಲಿಂಗ್ ಒಂದೊಂದ್ಕಡೆ ಒಂದೊಂದು ಥರ, ಎಸ್ ಆದ್ಮೇಲೆ ಎಚ್ ಒಮ್ಮೆ ಇರುತ್ತೆ ಒಮ್ಮೆ ಇರಲ್ಲ, ಗಾ ಅನ್ನೋದಕ್ಕೆ ಒಂದು ಎ ಅಥವಾ ಎರಡು. ಅದಕ್ಕೆ ಇಂಗ್ಲಿಷಲ್ಲಿ ಟೈಟಲ್ ಅಂತ ಬರ್ದು ಕೋಲನ್ ಹಾಕಿ, ಜಾಗ ಬಿಡದೆ ವೈ ಎ ಕೆ ಎಸ್ ಇಷ್ಟೇ ಬರ್ದು ಕೊನೆಗೆ * ಹಾಕಿ, ಎಲ್ಲಾ ಸ್ಪೆಲಿಂಗೂ ಒಂದೇ ಸಲಕ್ಕೆ ಬರುತ್ತೆ. ಆಮೇಲೆ ಆಂಡ್, ಅದು ಕ್ಯಾಪಿಟಲಲ್ಲೇ ಇರ್ಬೇಕು, ಮುಂದೆ ಮೀಡಿಯಾಟೈಪ್ ಕೋಲನ್ ಟೆಕ್ಸ್ಟ್ಸ್. ವಿಡಿಯೋ ಎಲ್ಲಾ ಹೋಗುತ್ತೆ.

ಪುಣೆ_ಧಾರವಾಡ:
ಭಾಷಾನೂ ಸೇರಸ್ರಿ. ಲ್ಯಾಂಗ್ವೇಜ್ ಕೋಲನ್ ಹಾಕಿ ಬ್ರ್ಯಾಕೆಟ್ ಒಳಗ ಕೆ ಎ ಎನ್ ಅಂತ ಒಂದು, ಕನ್ನಡ ಅಂತ ಇಂಗ್ಲಿಷ್‌ನಾಗ ಪೂರ್ತಿ ಒಂದು, ನಡುವ ಕ್ಯಾಪಿಟಲ್‌ನಾಗ ಓ ಆರ್, ಅಂದ್ರ ಅಥವಾ. ಕೆಲವಕ್ಕ ಮೂರಕ್ಷರದ ಕೋಡ್ ಇರ್ತದ, ಕೆಲವಕ್ಕ ಪೂರ್ತಿ ಹೆಸರು, ಒಂದ ಹಾಕಿದ್ರ ಅರ್ಧ ಪುಸ್ತಕ ಕೈಬಿಟ್ಟು ಹೋಗ್ತಾವ. ಮತ್ತ ವರ್ಷ ಮೊದಲಿಗೇ ಹಾಕಬ್ಯಾಡ್ರಿ! 1920 ರಿಂದ 1950 ಅಂತ ಕೊಟ್ಟು ನಾ ಭಾಳ ದಿನ ಒದ್ದಾಡೀನಿ, ನನಗ ಬೇಕಾದ ಪುಸ್ತಕಕ್ಕ ವರ್ಷಾನ ತುಂಬಿರ್ಲಿಲ್ಲ, ಅಂಥಾದ್ದು ಆ ಪಟ್ಟಿಯೊಳಗ ಬರೂದೇ ಇಲ್ಲ.

ಡೊಂಬಿವಲಿ_ಕುಂದಾಪ್ರ:
ಮಾಡ್ದೆ, ಸೊನ್ನೆ ಬಂತು. ಟೈಟಲ್ ಆದ್ಮೇಲೆ ಕೋಟ್ಸ್ ಒಳಗೆ * ಹಾಕಿದೀನಿ, ಸರಿ ತಾನೇ?

ಮಾಟುಂಗಾ_ಓದುಗ:
ಕೋಟ್ಸ್ ತೆಗೀರಿ, ಅದ್ರೊಳಗೆ * ಕೆಲಸ ಮಾಡಲ್ಲ.

ಡೊಂಬಿವಲಿ_ಕುಂದಾಪ್ರ:
ಬಂತು!! ಇಬ್ರಿಗೂ ತುಂಬಾ ಥ್ಯಾಂಕ್ಸ್. ಒಂದನ್ನ ಓಪನ್ ಮಾಡಿ ಫೋನಲ್ಲಿ ದೊಡ್ಡದು ಮಾಡಿ ಕೊಟ್ಟೆ, ಪದ್ಯದ ಮೇಲೆ ರಾಗ ಕಾಂಭೋಜಿ ಝಂಪೆತಾಳ ಅಂತ ಇತ್ತು, ಅಮ್ಮ ಅದನ್ನ ಓದಿದ್ದೇ ಬೆರಳಲ್ಲಿ ತಾಳ ಹಾಕ್ತಾ ಮೆಲ್ಲಗೆ ಹಾಡೋಕೆ ಶುರು ಮಾಡಿದ್ರು. ಅಜ್ಜನ ಪುಸ್ತಕ ಇದಲ್ವಂತೆ, ಪ್ರಸಂಗ ಅನ್ನೋ ಪದಕ್ಕೂ ಹೀಗೇ * ಹಾಕಿ ನಾಳೆ ನೋಡ್ತೀನಿ.