ಪದಚರ್ಚೆ: ‘ರೋಲಿಂಗ್ ರೋಡ್’, ‘ಟ್ಯೂನರ್’, ‘ನಾಕಿಂಗ್’ – ಗ್ಯಾರೇಜಲ್ಲಿ ಏನಂತಾರೆ, ಬರೆಯುವಾಗ ಏನು ಬರೀಬೇಕು?

ಎಲ್ರಿಗೂ ನಮಸ್ಕಾರ.

ಹಳೇ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬೋ ಸಾಧನ) ಇರೋ ಪೆಟ್ರೋಲ್ ಕಾರು ಇಟ್ಕೊಂಡಿರೋ ಒಂದಷ್ಟು ಗೆಳೆಯರಿಗೋಸ್ಕರ ಕನ್ನಡದಲ್ಲಿ ಒಂದು ಕೈಪಿಡಿ ಬರೀತಿದೀನಿ, ಒಳ್ಳೆ ರೋಲಿಂಗ್ ರೋಡ್ (ಕಾರಿನ ಬಲ ಅಳೆಯೋ ಯಂತ್ರ) ಯಾವುದು, ನಂಬಿ ಕಾರು ಕೊಡಬಹುದಾದ ಟ್ಯೂನರ್ (ಇಂಜಿನ್ ಸೆಟ್ಟಿಂಗ್ ಸರಿಮಾಡೋರು) ಯಾರು ಅಂತ ಗುರುತು ಹಿಡಿಯೋದು ಹೇಗೆ ಅನ್ನೋದೇ ವಿಷಯ. ನಮ್ಮಲ್ಲಿ ಹೆಚ್ಚಿನವರ ಹತ್ರ ಇರೋದು 2004ರ ಸುಮಾರಿಗೆ ಇಲ್ಲಿಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಅದೇ 1.8 ಲೀಟರ್, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವು, 150 ಹೆಚ್‌ಪಿ. ಇನ್ನು ಕೆಲವರದು ಫಿಯಟ್ ಲಿನಿಯಾ ಟಿ-ಜೆಟ್. ಯಂತ್ರದ ಬಗ್ಗೆ ಎಷ್ಟು ಬೇಕಾದ್ರೂ ಮಾತಾಡ್ತೀವಿ, ಆದ್ರೆ ಬರೆಯೋಕೆ ಕೂತಾಗ ನಾಲ್ಕೈದು ಪದ ತುಂಬಾ ಸತಾಯಿಸ್ತಿವೆ, ಅದಕ್ಕೇ ಇಲ್ಲಿ ಕೇಳ್ತಿದೀನಿ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಓದಿ.

ಮೊದಲು ‘ರೋಲಿಂಗ್ ರೋಡ್’. ಇದು ಇಂಗ್ಲೆಂಡಿನ ಕಡೆಯ ಮಾತು, ಅಮೆರಿಕದವರು ಡೈನೋ ಅಂತಾರೆ, ಬೆಂಗಳೂರಲ್ಲೂ ಈ ಕೆಲಸ ಮಾಡೋರೆಲ್ಲ ‘ಡೈನೋ’ ಅಂತಲೇ ಹೇಳೋದು. ನೆಲದಲ್ಲಿ ಹುದುಗಿಸಿರೋ ದಪ್ಪ ಉಕ್ಕಿನ ರೋಲರ್ ಮೇಲೆ ಕಾರಿನ ಚಕ್ರ ಕೂರಿಸಿ, ಕಾರು ಮುಂದಕ್ಕೆ ನೆಗೀದಂಗೆ ಬೆಲ್ಟ್ ಹಾಕಿ ಬಿಗಿದು, ಗೇರ್ ಹಾಕಿ ಪೂರ್ತಿ ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಎಷ್ಟು ಬಲ ಕೊಡ್ತಿದೆ ಅಂತ ಅಳೀಬಹುದು. ಗೊತ್ತಿಲ್ಲದವರಿಗೆ ನಾನು ಆಸ್ಪತ್ರೆಯ ಟಿಎಂಟಿ ಟೆಸ್ಟ್ (ಟ್ರೆಡ್‌ಮಿಲ್ ಮೇಲೆ ಓಡಿಸಿ ಹೃದಯ ನೋಡೋದು) ಇದ್ದಂಗೆ ಅಂತ ಹೇಳ್ತೀನಿ, ತಕ್ಷಣ ಅರ್ಥ ಆಗತ್ತೆ, ಓಡಿಸೋದು ಯಂತ್ರ, ಆ ಗೆರೆ ನೋಡಿ ಏನಾಗಿದೆ ಅಂತ ಹೇಳೋದು ಡಾಕ್ಟ್ರು.

ಇದನ್ನ ‘ಉರುಳು ರಸ್ತೆ’ ಅಂತ ಬರೆದ್ರೆ ನನಗಂತೂ ಸರಿ ಕಾಣಲ್ಲ. ಉರುಳು ಅಂದ್ರೆ ಕುಣಿಕೆ ಅನ್ನೋ ಅರ್ಥವೂ ಇದೆ, ದೇವಸ್ಥಾನದ ಉರುಳು ಸೇವೆಯೂ ನೆನಪಾಗತ್ತೆ. ‘ಉರುಳೆ’ ಚೆನ್ನಾಗಿದೆ, ಆದ್ರೆ ಕೆಲವರು ಅದನ್ನ ಸಿಲಿಂಡರಿಗೆ ಬಳಸಿದಾರೆ, ಇಂಜಿನ್ನೊಳಗೂ ಉರುಳೆ, ಕಾರಿನ ಕೆಳಗೂ ಉರುಳೆ ಅಂತಾದ್ರೆ ಓದೋರಿಗೆ ಕಷ್ಟ. ಇನ್ನು ‘ರೋಲರ್’ ಅಂತಷ್ಟೇ ಅಂದ್ರೆ ನಮ್ಮ ಜನರ ಕಣ್ಮುಂದೆ ಬರೋದು ಡಾಂಬರು ಹಾಕುವಾಗ ಓಡಾಡೋ ರೋಡ್ ರೋಲರು. ಇನ್ನೊಂದು ತೊಡಕೂ ಇದೆ, ಗಾಡಿಗಳ ಫಿಟ್ನೆಸ್ ನೋಡೋ ಯಾಂತ್ರೀಕೃತ ಕೇಂದ್ರಗಳಲ್ಲಿ ಬ್ರೇಕ್ ಹಿಡಿಯತ್ತಾ ಅಂತ ನೋಡೋಕೂ ರೋಲರ್ ಇರತ್ತೆ, ಪುಣೆಯ ಎಆರ್‌ಎಐನಂಥ ವಾಹನ ಸಂಶೋಧನಾ ಸಂಸ್ಥೆಗಳಲ್ಲಿ ಹೊಸ ಕಾರುಗಳ ಹೊಗೆ ಮತ್ತು ಮೈಲೇಜ್ ಪರೀಕ್ಷೆ ಮಾಡೋದೂ ರೋಲರ್ ಮೇಲೇ. ಮೂರೂ ಬೇರೆ ಬೇರೆ ಯಂತ್ರ, ಬೇರೆ ಬೇರೆ ಕೆಲಸ. ಹಾಗಾಗಿ ನಾನು ಸದ್ಯಕ್ಕೆ ‘ಡೈನೋ’ ಅಂತ ಇಟ್ಕೊಂಡು, ಮೊದಲ ಸಲ ಬರುವಾಗ ‘ಬಲ ಅಳೆಯೋ ರೋಲರ್ ಯಂತ್ರ’ ಅಂತ ಬಿಡಿಸಿ ಬರೀತಿದೀನಿ. ಇದಕ್ಕಿಂತ ಚಿಕ್ಕದು ಯಾರಿಗಾದ್ರೂ ಹೊಳೆದ್ರೆ ಹೇಳಿ.

‘ಲೋಡು’, ಅಂದ್ರೆ ಇಂಜಿನ್ ಮೇಲೆ ಬೀಳೋ ಹೊರೆ, ಈ ಪದವನ್ನ ನಾನು ಬದಲಾಯಿಸಲ್ಲ, ‘ಲೋಡ್ ಮೇಲೆ ನೋಡ್ಬೇಕು’ ಅಂತ ಪ್ರತಿ ಗ್ಯಾರೇಜಲ್ಲೂ ಅಂತಾರೆ, ಪಂಪ್‌ಸೆಟ್ ರಿಪೇರಿಯವರೂ ಅಂತಾರೆ. ಆದ್ರೆ ಡೈನೋಗಳಲ್ಲಿರೋ ಎರಡು ಜಾತಿಗೆ ಹೆಸರು ಬೇಕು. ಒಂದರಲ್ಲಿ ಭಾರದ ಡ್ರಮ್ ಅಷ್ಟೇ ಇರತ್ತೆ, ಅದರ ತೂಕ ಗೊತ್ತಿರೋದ್ರಿಂದ ಎಷ್ಟು ಬೇಗ ವೇಗ ಏರ್ತು ಅನ್ನೋದರ ಮೇಲೆ ಬಲ ಲೆಕ್ಕ ಹಾಕ್ತಾರೆ. ಇನ್ನೊಂದರಲ್ಲಿ ರೋಲರಿಗೆ ವಿದ್ಯುತ್ತಿನ ಬ್ರೇಕ್ ಇರತ್ತೆ, ಇಂಜಿನ್ನನ್ನ 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಹಿಡಿದು ನಿಲ್ಲಿಸಿ, ಪೂರ್ತಿ ಆಕ್ಸಿಲರೇಟರಲ್ಲಿ ಅಲ್ಲೇ ಇಟ್ಟು ನೋಡಬಹುದು. ಟರ್ಬೊ ಕಾರಿಗೆ ಈ ಎರಡನೇದೇ ಬೇಕು, ಯಾಕಂದ್ರೆ ಹಗುರ ಡ್ರಮ್ ಮೇಲೆ ಆರ್‌ಪಿಎಂ ಸರ್ರಂತ ಏರಿಬಿಡತ್ತೆ, ಟರ್ಬೊಗೆ ಗಾಳಿ ಒತ್ತೋಕೆ ಟೈಮೇ ಸಿಗಲ್ಲ, ಘಾಟಿ ಹತ್ತುವಾಗ ಇಂಜಿನ್ ಮೇಲೆ ಬೀಳೋ ಹೊರೆ ಅಲ್ಲಿ ಕಾಣೋದೇ ಇಲ್ಲ. ನಾನು ‘ಡ್ರಮ್ ಡೈನೋ’, ‘ಬ್ರೇಕ್ ಡೈನೋ’ ಅಂತ ಬರ್ಕೊಂಡಿದೀನಿ. ಎರಡನೇದು ಓದಿದೋರು ಬ್ರೇಕ್ ಪರೀಕ್ಷೆಯ ಯಂತ್ರ ಅಂದ್ಕೊಳ್ತಾರೋ ಏನೋ ಅಂತ ಅನುಮಾನ, ‘ತಡೆ ಡೈನೋ’ ಅಂದ್ರೆ ಹೇಗೆ?

ಬಲಕ್ಕೆ ‘ಅಶ್ವಶಕ್ತಿ’ ಶಾಲೆ ಪುಸ್ತಕದ ಮಾತು, ‘ಹೆಚ್‌ಪಿ’ ಹಳ್ಳಿಯಲ್ಲೂ ಗೊತ್ತಿರೋ ಮಾತು, ಬೋರ್‌ವೆಲ್ ಇರೋ ರೈತರಿಗೆ ಐದು ಹೆಚ್‌ಪಿಗೂ ಏಳೂವರೆ ಹೆಚ್‌ಪಿಗೂ ಏನು ವ್ಯತ್ಯಾಸ ಅಂತ ಬಿಡಿಸಿ ಹೇಳಬೇಕಿಲ್ಲ. ಅದಿರ್ಲಿ. ಇಲ್ಲಿ ನಿಜವಾದ ಸಮಸ್ಯೆ ಏನಂದ್ರೆ ಒಂದೇ ಕಾರಿಗೆ ಮೂರು ಹೆಚ್‌ಪಿ ಇರತ್ತೆ. ಚಕ್ರದಲ್ಲಿ ಅಳೆದದ್ದು ಒಂದು. ಗೇರ್‌ಬಾಕ್ಸು, ಟೈರು ನುಂಗಿದ್ದನ್ನ ಸೇರಿಸಿ ಇಂಜಿನ್ನಿನ ಲೆಕ್ಕ ಹೇಳೋದು ಎರಡನೇದು, ಇದಕ್ಕೆ ಕ್ಲಚ್ ಒತ್ತಿ ರೋಲರು ತಾನಾಗೇ ನಿಧಾನ ಆಗೋದನ್ನ ಅಳೆಯೋರೂ ಇದಾರೆ, ಸುಮ್ನೆ ನೂರಕ್ಕೆ ಹದಿನೈದು ಸೇರಿಸಿ ಕೊಡೋರೂ ಇದಾರೆ. ಮೂರನೇದು ಹವಾಮಾನದ ತಿದ್ದುಪಡಿ ಹಾಕಿದ್ದು, ಬೆಂಗಳೂರಿನವರು ಗಮನ ಇಟ್ಟು ನೋಡಬೇಕಾದ್ದೇ ಇದು. ನಾವು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೀವಿ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ನೂರಕ್ಕೆ ಹತ್ತು ಕಮ್ಮಿ. ಟರ್ಬೊ ಇಲ್ಲದ ಇಂಜಿನ್ನು ಇಲ್ಲಿ ಅಷ್ಟು ಬಲ ಕಳ್ಕೊಳ್ಳತ್ತೆ, ಅದಕ್ಕೆ ಡೈನೋ ಸಾಫ್ಟ್‌ವೇರು ಆ ಹತ್ತನ್ನ ವಾಪಸ್ ಸೇರಿಸಿ ತೋರ್ಸತ್ತೆ. ಆದ್ರೆ ಟರ್ಬೊ ಇರೋ ಕಾರು ಕಂಪ್ಯೂಟರ್ ಲೆಕ್ಕದಲ್ಲಿ ಆ ಕೊರತೆಯನ್ನ ಬಹಳಷ್ಟು ತಾನೇ ತುಂಬ್ಕೊಂಡಿರತ್ತೆ, ಅದರ ಮೇಲೆ ಮತ್ತೆ ಹತ್ತು ಸೇರಿಸಿದ್ರೆ 150ರ ಕಾರು ಏನೂ ಮಾಡದೇನೇ 165 ಆಗಿ ಕೂತಿರತ್ತೆ. ಕಾರಿನ ಮಾಲೀಕ ಖುಷಿಯಾಗಿ ದುಡ್ಡು ಕೊಟ್ಟು ಬರ್ತಾನೆ. ಹಾಗಾಗಿ ‘ಚಕ್ರದ ಹೆಚ್‌ಪಿ’, ‘ಇಂಜಿನ್ ಹೆಚ್‌ಪಿ’, ‘ತಿದ್ದಿದ ಹೆಚ್‌ಪಿ’ ಅಂತ ಮೂರು ಬೇರೆ ಪದ ಕೈಪಿಡಿಯಲ್ಲಿ ಇರಲೇಬೇಕು ಅಂತ ನನ್ನ ಹಠ. ಮೂರನೇದಕ್ಕೆ ‘ಹವಾ ತಿದ್ದುಪಡಿ’ ಅಂತ ಬರೆದ್ರೆ ಟೈರಿನ ಹವಾ ಅಂದ್ಕೊಳ್ತಾರೆ ಅಂತ ಒಬ್ರು ಅಂದ್ರು, ಅದೂ ನಿಜವೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿರೋ ಪದ, ‘ಟ್ಯೂನರ್’. ಕಾರ್ಬೊರೇಟರ್ ಕಾಲದಿಂದ ನಮ್ಮ ಗ್ಯಾರೇಜಿನ ಮಾತು ‘ಸೆಟ್ಟಿಂಗ್’. ‘ಗಾಡಿ ಸೆಟ್ಟಿಂಗ್ ಮಾಡಿಸ್ದೆ, ಈಗ ಚೆನ್ನಾಗಿ ಎಳಿಯತ್ತೆ’ ಅಂತೀವಲ್ಲ, ಅದು. ಆದ್ರೆ ಹೆಡ್‌ಲೈಟಿಗೂ ಸೆಟ್ಟಿಂಗ್, ಫೋನಿಗೂ ಸೆಟ್ಟಿಂಗ್, ಈಗ ಆ ಪದದಲ್ಲಿ ಕೈಕೆಲಸದ ವಾಸನೆ ಉಳಿದಿಲ್ಲ. ‘ಶ್ರುತಿ ಮಾಡೋದು’ ಅಂತ ಬರೆದಿರೋದನ್ನ ನೋಡಿದೀನಿ, ಕೇಳೋಕೆ ಇಂಪಾಗಿದೆ, ಆದ್ರೆ ಒಪ್ಪಿಗೆಯಿಲ್ಲ. ಶ್ರುತಿಗೆ ಒಂದು ನೆಲೆ ಇರತ್ತೆ, ಅದಕ್ಕೆ ಎಲ್ಲಾನೂ ಸೇರಿಸ್ತಾ ಹೋಗ್ತೀವಿ. ಇಂಜಿನ್ನಿಗೆ ಆ ಥರ ಒಂದೇ ನೆಲೆ ಇಲ್ಲ, ಯಾವ ಆರ್‌ಪಿಎಂ, ಎಷ್ಟು ಲೋಡು, ಒಳಗೆ ಬರೋ ಗಾಳಿ ಎಷ್ಟು ಬಿಸಿ, ಪೆಟ್ರೋಲ್ ಎಂಥದ್ದು ಅನ್ನೋದರ ಮೇಲೆ ಪ್ರತಿ ಕಡೆ ಬೇರೆ ಬೇರೆ ಕೊಡಬೇಕು.

ನನಗೆ ಸರಿ ಕಾಣೋದು ‘ಹದ’. ಮಣ್ಣಿಗೆ ಹದ ಇದೆ, ಪಾಕಕ್ಕೆ ಹದ ಇದೆ, ತೊಗಲನ್ನ ಹದ ಮಾಡ್ತಾರೆ, ಹದ ತಪ್ಪೋದು ಅಂತಾನೂ ಇದೆ. ಅಳತೆ ಗೊತ್ತಿದ್ರೆ ಸಾಲದು, ಕೈಯೂ ಕಿವಿಯೂ ಅನುಭವವೂ ಬೇಕು ಅನ್ನೋದು ಆ ಪದದಲ್ಲೇ ಸೇರ್ಕೊಂಡಿದೆ. ಟ್ಯೂನಿಂಗ್‌ಗೆ ‘ಹದ ಮಾಡೋದು’ ಅಂದ್ರೆ ಡೈನೋ ಮಾಡೋ ‘ಅಳತೆ’ಗೂ ಮನುಷ್ಯ ಮಾಡೋ ‘ಹದ’ಕ್ಕೂ ನಡುವೆ ಗೆರೆ ಸ್ಪಷ್ಟ ಆಗತ್ತೆ, ಕೈಪಿಡಿ ಓದೋರಿಗೆ ನಾನು ಒತ್ತಿ ಹೇಳಬೇಕು ಅಂದ್ಕೊಂಡಿರೋದೂ ಅದನ್ನೇ. ಜನ ದೊಡ್ಡ ಡೈನೋ ಎಲ್ಲಿದೆ ಅಂತ ಹುಡುಕ್ತಾರೆ, ಅದರ ಮುಂದೆ ಲ್ಯಾಪ್‌ಟಾಪ್ ಹಿಡಿದು ಕೂರೋರು ಯಾರು ಅಂತ ಕೇಳಲ್ಲ. ಎಲ್ಲೋ ಮಾಡಿದ ಸೆಟ್ಟಿಂಗ್ ಫೈಲನ್ನ ಕಾರಿನ ಕಂಪ್ಯೂಟರಿಗೆ ತುಂಬಿ, ಆಮೇಲೆ ಡೈನೋ ಮೇಲೆ ಒಂದು ಸಲ ಓಡಿಸಿ ಬಣ್ಣದ ಪ್ರಿಂಟ್ ಕೊಟ್ರೆ ಅದು ಅಳತೆ ಅಷ್ಟೇ, ಹದ ಅಲ್ಲ. ಹೊಸ ಕಾರಿಗೆ ಅದು ನಡೀಬಹುದು. ಇಪ್ಪತ್ತು ವರ್ಷದ ಕಾರುಗಳಲ್ಲಿ ಒಂದರಂತೆ ಇನ್ನೊಂದು ಇರಲ್ಲ, ಒಂದರ ಟರ್ಬೊ ಸವೆದಿರತ್ತೆ, ಇನ್ನೊಂದರ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಅರ್ಧ ಕಟ್ಟಿರತ್ತೆ. ನನ್ನ ಪರಿಚಯದವರೊಬ್ಬರ ಕಾರಿಗೆ ಒಂದು ಕಡೆ ಹೀಗೇ ರೆಡಿ ಫೈಲ್ ಹಾಕಿ ಕಳಿಸಿದ್ರು, ಒತ್ತಡದ ಪೈಪು ಒಂದು ಕಡೆ ಸೀಳಿದ್ದನ್ನ ಯಾರೂ ನೋಡಿರಲೇ ಇಲ್ಲ, ಸೋರಿದ್ದನ್ನ ತುಂಬೋಕೆ ಟರ್ಬೊ ಮಿತಿಮೀರಿ ತಿರುಗಿ ಕೊನೆಗೆ ಟರ್ಬೊನೇ ಹೋಯ್ತು. ಅದಕ್ಕೇ ಟ್ಯೂನರ್‌ಗೆ ‘ಹದಗಾರ’ ಅನ್ನೋಣವಾ ಅಂತ ಕೇಳ್ತಿದೀನಿ. ಕಿವಿಗೆ ಹೊಸದು, ಆದ್ರೆ ಮೋಡಿಗಾರ, ಕೆಲಸಗಾರ ಇರೋ ಭಾಷೆಯಲ್ಲಿ ಪರಕೀಯ ಅಂತೇನೂ ಅನ್ಸಲ್ಲ. ಹಿರಿಯರು ಹೇಳಬೇಕು.

‘ಮ್ಯಾಪ್’ಗೆ ‘ನಕ್ಷೆ’ ಅಂತ ಬರೆಯೋದು ನನ್ನ ಪ್ರಕಾರ ತಪ್ಪು ದಾರಿ. ಕಾರಿನ ಕಂಪ್ಯೂಟರೊಳಗೆ ಇರೋದು ಅಡ್ಡಸಾಲು, ಉದ್ದಸಾಲು ಇರೋ ಅಂಕಿಗಳ ಪಟ್ಟಿ, ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಲೋಡು, ಮಧ್ಯದ ಮನೆಯಲ್ಲಿ ಎಷ್ಟು ಪೆಟ್ರೋಲ್, ಕಿಡಿ ಎಷ್ಟು ಮುಂಚೆ ಅಂತ. ಅದು ‘ಕೋಷ್ಟಕ’. ಹಾಗಂದ್ರೆ ‘ರೀಮ್ಯಾಪ್’ ಅನ್ನೋದು ಕೋಷ್ಟಕ ತಿದ್ದೋದು, ಏನು ನಡೀತಿದೆ ಅಂತ ಓದೋರಿಗೂ ನೇರವಾಗಿ ತಿಳಿಯತ್ತೆ.

ಆಮೇಲೆ ‘ನಾಕಿಂಗ್’, ಇದು ಬರೀ ಪದದ ಪ್ರಶ್ನೆ ಅಲ್ಲ, ಇಂಜಿನ್ ಉಳಿಯೋ ಪ್ರಶ್ನೆ. ನಮ್ಮ ಗ್ಯಾರೇಜುಗಳಲ್ಲಿ ಎರಡು ಬೇರೆ ಕಾಯಿಲೆಗೆ ಇದೊಂದೇ ಹೆಸರು. ಬೇರಿಂಗ್ ಸವೆದು ಒಳಗಿಂದ ದಡ್ ದಡ್ ಅಂತ ಬಡಿಯೋದೂ ನಾಕಿಂಗ್, ಒತ್ತಡ ಜಾಸ್ತಿಯಾಗಿ ಪೆಟ್ರೋಲ್ ಹೊತ್ತಬೇಕಾದ ರೀತಿ ಬಿಟ್ಟು ತಾನಾಗೇ ಸಿಡಿದು ಕಿಣಿಕಿಣಿ ಅನ್ನೋದೂ ನಾಕಿಂಗ್. ಎರಡನೇದು ಟರ್ಬೊ ಕಾರಿನ ದೊಡ್ಡ ಶತ್ರು, ಪಿಸ್ಟನ್ನನ್ನೇ ಒಡೆಯತ್ತೆ, ಒಳ್ಳೆ ಟ್ಯೂನರ್ ಹೆಡ್‌ಫೋನ್ ಹಾಕ್ಕೊಂಡು ಕಿವಿಗೊಟ್ಟು ಕೇಳ್ತಿರೋದು ಅದನ್ನೇ. ‘ಬಡಿತ’ ಮತ್ತು ‘ಸಿಡಿತ’ ಅಂತ ಬೇರೆ ಮಾಡಿದ್ರೆ? ಫೋನಲ್ಲಿ ‘ನಾಕಿಂಗ್ ಇದೆ ಸಾರ್’ ಅಂದ್ರೆ ಆ ಕಡೆಯವರಿಗೆ ಏನೂ ಗೊತ್ತಾಗಲ್ಲ, ‘ಸಿಡಿತ ಇದೆ, ಮೂರನೇ ಗೇರಲ್ಲಿ ಏರು ಹತ್ತುವಾಗ’ ಅಂದ್ರೆ ಅರ್ಧ ರೋಗ ಅಲ್ಲೇ ಗೊತ್ತಾಯ್ತು.

ಇದರ ಜೊತೆಗೇ ಪೆಟ್ರೋಲಿನ ಮಾತು. ಈಗ ಬಂಕಲ್ಲಿ ಸಿಗೋದು ಹೆಚ್ಚಾಗಿ 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಒಂದು ಪಾಲು ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದ್ರೆ ಇದಕ್ಕೆ ಸುಮಾರು 13.5 ಸಾಕು, ಅಂದ್ರೆ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಹರೀಬೇಕು, ಹಳೇ ಪಂಪಿಗೂ ಇಂಜೆಕ್ಟರಿಗೂ ಅದು ಹೊರೆ, ಹಳೇ ರಬ್ಬರ್ ಪೈಪುಗಳಿಗೂ ಒಳ್ಳೇದಲ್ಲ. ಟ್ಯೂನಿಂಗಿಗೆ ಹೋಗುವಾಗ ದಿನಾ ಹಾಕ್ಸೋ ಪೆಟ್ರೋಲನ್ನೇ ಹಾಕ್ಸಿ ಹೋಗಬೇಕು, ಅಲ್ಲಿ ನೂರು ಆಕ್ಟೇನಿಂದು (ಸುಲಭಕ್ಕೆ ತಾನಾಗೇ ಸಿಡಿಯದ ಪೆಟ್ರೋಲ್) ತುಂಬಿಸಿ ಹದ ಮಾಡ್ಸಿ ಆಮೇಲೆ ಊರ ಬಂಕಿನ ಮಾಮೂಲಿ ಪೆಟ್ರೋಲ್ ಹಾಕಿದ್ರೆ ಸಿಡಿತ ಗ್ಯಾರಂಟಿ. ಇಲ್ಲಿ ‘ರಿಚ್’ (ಗಾಳಿಗೆ ಪೆಟ್ರೋಲ್ ಹೆಚ್ಚಾಗಿರೋದು), ‘ಲೀನ್’ (ಕಮ್ಮಿಯಾಗಿರೋದು) ಅನ್ನೋದಕ್ಕೆ ಏನು ಬರೀಲಿ? ‘ಗಟ್ಟಿ–ತೆಳು’ ಅಂತ ಹಳೇ ಮೆಕ್ಯಾನಿಕ್ ಒಬ್ರು ಹೇಳ್ತಿದ್ರು, ನನಗೆ ತುಂಬಾ ಹಿಡಿಸ್ತು, ಗಾಳಿ–ಪೆಟ್ರೋಲ್ ಮಿಶ್ರಣಕ್ಕೆ ‘ಮಿಕ್ಸರ್ ತೆಳು ಆಗಿದೆ’ ಅಂತಿದ್ರು. ಬೇರೆ ಕಡೆಯೂ ಹೀಗೇ ಅಂತಾರಾ?

ಕೈಪಿಡಿಯಲ್ಲಿ ಟ್ಯೂನರ್‌ನ ಗುರುತು ಹಿಡಿಯೋ ಭಾಗ ಈಗ ಹೀಗಿದೆ, ಭಾಷೆ ಸರಿಯಾಗಿದೆಯಾ ನೋಡಿ:

“ಒಳ್ಳೆ ಹದಗಾರ ಮೊದಲು ಕಾರನ್ನ ರೋಲರ್ ಮೇಲೆ ಹತ್ತಿಸಲ್ಲ. ಪ್ಲಗ್ ಬಿಚ್ಚಿ ನೋಡ್ತಾನೆ, ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳ್ತಾನೆ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡ್ತಾನೆ, ಪೈಪುಗಳಿಗೆ ಗಾಳಿ ತುಂಬಿ ಎಲ್ಲಿ ಸೋರ್ತಿದೆ ಅಂತ ಹುಡುಕ್ತಾನೆ, ಟೈಮಿಂಗ್ ಬೆಲ್ಟಿನ ವಯಸ್ಸು ವಿಚಾರಿಸ್ತಾನೆ. ಏನಾದ್ರೂ ಕೆಟ್ಟಿದ್ರೆ ‘ರಿಪೇರಿ ಮಾಡಿಸ್ಕೊಂಡು ಬನ್ನಿ’ ಅಂತ ವಾಪಸ್ ಕಳಿಸ್ತಾನೆ. ಕಾರಿನ ಮುಂದೆ ದೊಡ್ಡ ಫ್ಯಾನ್ ಇಟ್ಟಿರ್ತಾನೆ, ಎರಡು ಓಟದ ಮಧ್ಯೆ ತಣ್ಣಗಾಗೋಕೆ ಬಿಡ್ತಾನೆ. ಹದ ಮಾಡೋ ಮುಂಚಿನ ಅಳತೆ, ಆಮೇಲಿನ ಅಳತೆ ಎರಡನ್ನೂ ಅದೇ ಯಂತ್ರದಲ್ಲಿ, ಅದೇ ದಿನ, ತಿದ್ದುಪಡಿ ಹಾಕದೇ ಕೊಡ್ತಾನೆ. ಹೆಚ್‌ಪಿ ಗೆರೆಯ ಜೊತೆ ಗಾಳಿ–ಪೆಟ್ರೋಲ್ ಗೆರೆ, ಟರ್ಬೊ ಒತ್ತಡದ ಗೆರೆ ಕೇಳಿದ್ರೆ ಮುಖ ಗಂಟು ಹಾಕ್ಕೊಳ್ಳಲ್ಲ.”

‘ಓಟ’ ಅಂತ ಬರೆದಿರೋದು ಡೈನೋ ‘ರನ್’ಗೆ. ‘ಸುತ್ತು’ ಅಂದ್ರೆ ಆರ್‌ಪಿಎಂ ಸುತ್ತಿನ ಜೊತೆ ಕಲಸಿಹೋಗತ್ತೆ ಅಂತ ಬಿಟ್ಟೆ. ‘ಹದಗಾರ’ ಅಂತ ಗಂಡಸಿನ ರೂಪ ಮಾತ್ರ ಬಂದಿದೆ, ‘ಹದಗಾರರು’ ಅಂತ ಬಹುವಚನ ಇಟ್ರೆ ಗೌರವವೂ ಉಳಿಯತ್ತೆ ಎಲ್ಲರೂ ಸೇರ್ತಾರೆ ಅಂತ ಮನೇಲಿ ಹೇಳಿದ್ರು, ಬದಲಾಯಿಸ್ತೀನಿ.

ಕೊನೇದಾಗಿ ಹುಬ್ಬಳ್ಳಿ–ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರಲ್ಲಿ ವಿಶೇಷವಾಗಿ ಕೇಳ್ಕೊಳ್ತೀನಿ. ಆಕ್ಸಿಲರೇಟರ್ ಒತ್ತಿದ ಮೇಲೆ ಟರ್ಬೊ ಎಳೆತ ಸ್ವಲ್ಪ ತಡವಾಗಿ ಬರತ್ತಲ್ಲ, ಅದನ್ನ ನಿಮ್ಮ ಕಡೆ ಡ್ರೈವರುಗಳು, ಮೆಕ್ಯಾನಿಕ್‌ಗಳು ಏನಂತಾರೆ? ಬೆಂಗಳೂರಲ್ಲಿ ಜೆಸಿ ರೋಡಿನ ಸ್ಪೇರ್ ಅಂಗಡಿಗಳಲ್ಲಿ ಕೇಳಿದ್ರೆ ‘ಲ್ಯಾಗ್’ ಬಿಟ್ಟು ಬೇರೆ ಮಾತು ಸಿಗಲಿಲ್ಲ, ಆದ್ರೆ ಟರ್ಬೊ ಡೀಸೆಲ್ ಲಾರಿ, ಬಸ್ಸು ಎಷ್ಟೋ ವರ್ಷದಿಂದ ಓಡಿಸ್ತಿರೋ ಡ್ರೈವರುಗಳ ಬಾಯಲ್ಲಿ ಇದಕ್ಕೊಂದು ಕನ್ನಡ ಮಾತು ಇದ್ದೇ ಇರಬೇಕು. ಕೇಳಿದ್ದು ಹೇಗಿದೆಯೋ ಹಾಗೇ, ಊರಿನ ಹೆಸರಿನ ಜೊತೆ ಬರೆದು ಕಳಿಸಿ.